ಬಾಚಿಯ ಒರೆ

"ಅಲಗು ಬರಿದಾಗಿರೋ ತನಕ ನಿನ್ನವರನ್ನ ಯಾರನ್ನೂ ಕೂಗಬೇಡಪ್ಪ. ಬಾಯಿ ಬಿಗಿಹಿಡಿದು ಹೊಲಿ," ಎಂದಳು ಮುದುಕಿ.

ಅವಳು ಮೇಜಿನ ಮೇಲಿಟ್ಟ ಗೋಣಿತಟ್ಟಿನಲ್ಲಿ ಮರ ಕೆತ್ತುವ ಹಳೆಯ ಬಾಚಿಯೊಂದಿತ್ತು. ಹಿಡಿ ಯಾರದೋ ಅಂಗೈಗೆ ಸವೆದು ನುಣುಪಾಗಿತ್ತು. ಅದರ ಚರ್ಮದ ಒರೆಯನ್ನು ಇಲಿಗಳು ಚಿಂದಿ ಮಾಡಿದ್ದವು.

ಚರ್ಮದ ಕೆಲಸದವನು ಆ ಬೀದಿಗೆ ಬಂದು ಎರಡು ತಿಂಗಳಾಗಿತ್ತು. ಅವನ ಕೈಗೆ ಈಗಷ್ಟೇ ಹೆಸರು ಬರತೊಡಗಿತ್ತು. ಬಾಯಿಗಂತೂ ಮೊದಲ ವಾರವೇ ಬಂದಿತ್ತು.

"ಕೂಗಿದ್ರೆ ಏನಾಗತ್ತಜ್ಜಿ? ಬಾಚಿ ಓಗೊಡತ್ತಾ?" ಎಂದು ನಕ್ಕ.

ಮುದುಕಿ ನಗಲಿಲ್ಲ. "ಮನೆ ಪಾಲಾದಾಗ ಇದು ನನ್ನ ಗಂಡನಿಗೆ ಬಂತು. ಅದನ್ನ ನೋಡಲಾರದೆ ಭಾವ ಇದಕ್ಕೆ ಮಾಟ ಮಾಡಿಸಿದ. ಬರೀ ಅಲಗಿನ ಮುಂದೆ ಯಾರನ್ನ ಕರೀತೀಯೋ, ಅವರ ಸಂಬಂಧ ಕಡಿಯತ್ತೆ. ಒರೆಯೊಳಗಿದ್ರೆ ಸುಮ್ನಿರತ್ತೆ."

"ಹಾಗಿದ್ರೆ ಬಾವಿಗೆ ಎಸೆಯೋದಲ್ವಾ?"

"ಎಸೆದದ್ದನ್ನ ಯಾರಾದ್ರೂ ಎತ್ತಿಕೊಂಡ್ರೆ? ಅವರ ಮನೆ ಹಾಳು ಮಾಡಿದ ಪಾಪ ನನಗ್ಯಾಕೆ?"

ಅವಳು ಹೋದ ಮೇಲೆ ಅವನು ಒಳಮನೆಯ ಕಡೆ ತಿರುಗಿ, "ಅರಳುಮರಳು," ಎಂದ. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಅವನೂ ಅವನ ಅಕ್ಕನೂ ಇದ್ದರು. ಮೂರು ವರ್ಷದವನಿದ್ದಾಗ ತಾಯಿ ಸತ್ತಳು. ಹನ್ನೆರಡರ ಅಕ್ಕ ಅವನನ್ನು ಸೊಂಟಕ್ಕೇರಿಸಿಕೊಂಡಳು. ಬಂದ ಗಂಡುಗಳನ್ನೆಲ್ಲ ತಮ್ಮನ ನೆಪ ಹೇಳಿ ಹಿಂದಕ್ಕೆ ಕಳಿಸಿದಳು. ಈಗ ಅವನ ತಲೆ ನರೆತಿದ್ದರೂ ಅವಳಿಗೆ ಅವನು ಪುಟ್ಟನೇ. ತಟ್ಟೆ ಮುಂದೆ ಕೂತಾಗಲೆಲ್ಲ, "ಕೈ ತೊಳೆದ್ಯೇನೋ?" ಎಂದು ಕೇಳದೆ ಬಿಡುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಕೆಲಸಕ್ಕೆ ಕೂತ. ಕಿಟಕಿಯಿಲ್ಲದ ಆ ಉದ್ದನೆಯ ಕೋಣೆಯಲ್ಲಿ ಹಗಲೂ ಒಂದು ದೀಪ ಉರಿಯಬೇಕು. ನೆನೆದ ಚರ್ಮದ ಕಮಟು, ಮೇಣದ ಸಿಹಿವಾಸನೆ ಗೋಡೆಗಳಿಗೇ ಹತ್ತಿದ್ದವು. ಇವತ್ತು ಅದರೊಳಗೆ ಇನ್ನೊಂದು ವಾಸನೆ ಸೇರಿತ್ತು. ಕೂದಲು ಸುಟ್ಟಂಥದ್ದು. ಅವನು ಮೂಗೊರೆಸಿಕೊಂಡು, ತೊಯ್ದ ಚರ್ಮವನ್ನು ಅಲಗಿನ ಪಕ್ಕ ಹಿಡಿದು ಆಕಾರಕ್ಕೆ ಒತ್ತತೊಡಗಿದ. ಎರಡು ಕೈಯೂ ಬಿಡುವಂತಿರಲಿಲ್ಲ. ಬಟ್ಟಲಿನ ನೀರು ಮುಗಿದಿತ್ತು, ಚರ್ಮ ಬಿಗಿಯುತ್ತಿತ್ತು. ಅಲಗಿನಿಂದ ಮುಖ ತಿರುಗಿಸಿ ಒಳಮನೆಯ ಕಡೆ ಕೂಗಿದ.

"ಅಕ್ಕಾ, ಒಂದು ಚೆಂಬು ನೀರು ತಾರೇ!"

ಕೂಗಿದ ಮೇಲೆ ಮುದುಕಿಯ ಮಾತು ನೆನಪಾಯಿತು. ಒಳಗೆ ಪಾತ್ರೆಗಳ ಸದ್ದು ಮೊದಲಿನಂತೆಯೇ ಇತ್ತು. ಅವನಿಗೆ ನಗು ಬಂತು. ಬಾಚಿಯ ಮುಖಕ್ಕೇ ಬಗ್ಗಿ, ಬೇಕೆಂದೇ, ಇನ್ನೂ ಗಟ್ಟಿಯಾಗಿ ಕೂಗಿದ.

"ಅಕ್ಕಾ!"

ದನಿ ಅರ್ಧಕ್ಕೇ ನಿಂತಿತು. ಕೊಯ್ದಂತೆ. ಬಿಗಿದ ದಾರ ಪಟ್ಟೆಂದು ಹರಿದ ಸದ್ದು. ದಾರ ಉಂಡೆಯಲ್ಲೇ ಇತ್ತು. ದೀಪ ಕುಗ್ಗಿತು. ಅಲಗು ಮಂಜುಗಡ್ಡೆಯಾಯಿತು. ಒಳಗಿನ ಪಾತ್ರೆಗಳು ಸುಮ್ಮನಾದವು. ಹೆಜ್ಜೆ. ಇನ್ನೊಂದು ಹೆಜ್ಜೆ. ಬಾಗಿಲು ಸರಿಯಿತು.

ಅಕ್ಕ ಚೆಂಬು ಹಿಡಿದು ನಿಂತಿದ್ದಳು. ಅವನನ್ನು ನೋಡಿದಳು. ಚೆಂಬು ಕೈಜಾರಿತು.

"ಯಾರು ನೀವು? ನನ್ನ ಪುಟ್ಟ ಎಲ್ಲಿ?"

"ಅಕ್ಕ, ನಾನೇ ಕಣೇ! ತಮಾಷೆ ಸಾಕು."

ಅವಳು ಗೋಡೆಗೆ ಒತ್ತಿಕೊಂಡಳು. ಅವನು ಹುಬ್ಬಿನ ಮೇಲಿನ ಗಾಯದ ಗುರುತು ತೋರಿಸಿದ. ಮೆಟ್ಟಿಲಿಂದ ಬಿದ್ದದ್ದು, ಅವಳು ತನ್ನ ಲಂಗ ಹರಿದು ಕಟ್ಟಿದ್ದು, ಇಡೀ ರಾತ್ರಿ ಎತ್ತಿಕೊಂಡು ತಿರುಗಿದ್ದು, ಎಲ್ಲ ಹೇಳಿದ. ಹೇಳಿದಷ್ಟೂ ಅವಳ ಮುಖ ಬಿಳುಚಿತು.

"ಇದೆಲ್ಲ ಅವನಿಗೆ ನನಗೆ ಬಿಟ್ಟು ಇನ್ಯಾರಿಗೂ ಗೊತ್ತಿಲ್ಲ. ಅವನ ಬಾಯಿ ಹೇಗೆ ಬಿಡಿಸಿದ್ರಿ? ಅವನನ್ನ ಏನು ಮಾಡಿದ್ರಿ?" ಅವಳು ಕೈಮುಗಿದಳು. "ನಿಮ್ಮ ಕಾಲಿಗೆ ಬೀಳ್ತೀನಿ. ಅವನನ್ನ ಬಿಟ್ಬಿಡಿ."

ಅವನು ಬರಿಗಾಲಲ್ಲೇ ಓಡಿದ.

ಮುದುಕಿ ಎಲ್ಲ ಕೇಳಿಸಿಕೊಂಡು ಕುಸಿದು ಕೂತಳು. "ಕಡಿದದ್ದು ಕೂಡಲ್ಲ ಮಗಾ. ನಾನೂ ಹೀಗೇ ಅದರ ಮುಂದೆ ನನ್ನ ಗಂಡನ್ನ ಕೂಗಿದ್ದೆ. ನನ್ನವರು ಹನ್ನೊಂದು ವರ್ಷ ನನ್ನನ್ನ ಹುಡುಕ್ತಾನೇ ಇದ್ರು. ದಿನಾ ಅನ್ನ ಬಡಿಸ್ತಿದ್ದೋಳು ನಾನೇ. 'ಯಾವ ತಾಯಿ ಹೆತ್ತ ಮಗಳೋ ನೀನು' ಅಂತ ಹರಸ್ತಿದ್ರು." ಸೆರಗಿನಿಂದ ಕಣ್ಣೊತ್ತಿಕೊಂಡಳು. "ಹೋಗು, ಒರೆ ಮುಗಿಸು. ಇದು ಇನ್ನೊಂದು ಮನೆ ಹೊಗಬಾರದು."

ಹಿಂದಿರುಗಿದಾಗ ಒಳಬಾಗಿಲಿಗೆ ಅಗುಳಿ ಬಿದ್ದಿತ್ತು. ಅದರಾಚೆ ಅಕ್ಕ ಅಳುತ್ತಿದ್ದಳು. ಅವನು ಅಲಗಿನ ಮುಂದೆ ಕೂತ. ಪ್ರತಿ ಬಿಕ್ಕಿನೊಂದಿಗೂ ಅವಳನ್ನು ಕರೆಯುವ ಮಾತು ಗಂಟಲಿಗೆ ಬರುತ್ತಿತ್ತು. ಹಲ್ಲುಗಳ ನಡುವೆ ಚರ್ಮದ ತುಂಡು ಕಚ್ಚಿಕೊಂಡ. ದಾರಕ್ಕೆ ಅಲಗು ತಾಗದ ಹಾಗೆ ನಡುವೆ ದಪ್ಪ ಪಟ್ಟಿ ಕೂರಿಸಿದ. ದಬ್ಬಣದಿಂದ ತೂತು ಕೊರೆದು ಎರಡು ಸಾಲು ಹೊಲಿದ. ಬೆರಳಿಗೆ ಚುಚ್ಚಿತು. ಚುಚ್ಚಲಿ. ಇನ್ನು ನಾಲ್ಕು ಹೊಲಿಗೆ. ಮೂರು. ಎರಡು. ಬಾಚಿ ಒಳಗೆ ಸರಿಯಿತು. ಒರೆಯ ಬಾಯಿಗೆ ಗುಂಡಿ ಹಾಕಿದ. ಸುಟ್ಟ ಕೂದಲಿನ ವಾಸನೆ ಆರಿಹೋಯಿತು. ಅಗುಳಿ ಮಾತ್ರ ತೆರೆಯಲಿಲ್ಲ.

ಆಮೇಲೆ ಅವನು ಮುಚ್ಚಿದ ಬಾಗಿಲ ಈಚೆ ನಿಂತು ಒಂದು ಸುಳ್ಳು ಹೇಳಿದ. ಅವಳ ತಮ್ಮ ದೂರದ ಊರಿಗೆ ಕೆಲಸಕ್ಕೆ ಹೋಗಿದ್ದಾನೆ, ಕ್ಷೇಮವಾಗಿದ್ದಾನೆ, ಅಂಗಡಿ ನೋಡಿಕೊಳ್ಳಲು ಗೆಳೆಯನಾದ ತನಗೆ ಹೇಳಿದ್ದಾನೆ. ಅವಳು ನಂಬಲು ಎಂಟು ದಿನ ಬೇಕಾಯಿತು. ನಂಬಿದ ದಿನ ಹೊಟ್ಟೆತುಂಬ ಉಂಡಳು. ಅವನು ಅಂಗಡಿಯಲ್ಲೇ ಮಲಗತೊಡಗಿದ.

ಒಂದು ಸಂಜೆ ಅವನು ದಾರ ಸುತ್ತುತ್ತಿದ್ದ. ಅವಳು ಬಾಗಿಲಿಗೊರಗಿ ಬಹಳ ಹೊತ್ತು ನೋಡುತ್ತ ನಿಂತಳು.

"ನಿಮಗೆ ಅಂತ ಯಾರೂ ಇಲ್ವಾ?"

"ಇದಾಳೆ. ಒಬ್ಬಳು ಅಕ್ಕ."

"ಮತ್ತೆ ಇಲ್ಲೇನು ಮಾಡ್ತಿದೀರಿ ಇಷ್ಟು ಹೊತ್ತು?" ಅವಳ ದನಿಯಲ್ಲಿ ಗದರಿಕೆಯಿತ್ತು, ಅವನಿಗೆ ಚೆನ್ನಾಗಿ ಗೊತ್ತಿದ್ದ ಗದರಿಕೆ. "ಎದ್ದು ಮನೆಗೆ ಹೋಗಿ. ಪಾಪ, ಉಣ್ಣದೆ ಕಾಯ್ತಿರ್ತಾಳೆ."

ಅವನು ಎದ್ದ. ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದ. ಬೀದಿಯ ತಿರುವು ದಾಟುವವರೆಗೂ ಅವಳು ಹೊಸ್ತಿಲಲ್ಲೇ ನಿಂತು, ಅವನು ಮನೆಯ ದಾರಿ ಹಿಡಿದನೆಂದು ಖಾತ್ರಿ ಮಾಡಿಕೊಂಡಳು.