ಹೋದ ಕೋತಿಯ ಸುದ್ದಿ

"ಕೋತಿ!" ಪಂಪೇಶ ಮತ್ತೆ ಕೂಗಿದ.

ಹಂಪಿಯ ಬಾಳೆತೋಟಗಳಲ್ಲಿ ಈ ಕೂಗು ಎದ್ದರೆ ಮುಗಿಯಿತು. ಯಾಕೆ, ಏನು ಎಂದು ಯಾರೂ ಕೇಳುವುದಿಲ್ಲ. ಕೆಲಸ ಬಿಟ್ಟು, ಡಬ್ಬ ಬಡಿಯುತ್ತ ಓಡಿಬರುತ್ತಾರೆ. ಸುಂಕಮ್ಮಜ್ಜಿ ಏದುಸಿರು ಬಿಡುತ್ತ ಬಂದಳು. ಪಕ್ಕದ ತೋಟದ ಜಡೆಪ್ಪ ಮಾವನೂ ಕೋಲು ಹಿಡಿದು ಬಂದ. ನೋಡಿದರೆ ಒಂದು ಕೋತಿಯೂ ಇಲ್ಲ. ಇದು ಮೂರನೇ ಸಲ!

"ಏನವ್ವ ಅನ್ನಪೂರ್ಣ, ತಮ್ಮನ್ನ ಸುಮ್ನ ಕುಂದ್ರಸಾಕ ಬರಂಗಿಲ್ಲೇನು? ಓಡಿ ಓಡಿ ನನ್ನ ಮಣಕಾಲು ಹೋದ್ವು!" ಅಜ್ಜಿ ರೇಗಿದಳು.

ಕೂಗಿದ್ದು ಎರಡು ವರ್ಷದ ಪಂಪೇಶ, ಬೈಗುಳ ಮಾತ್ರ ಅಕ್ಕನಿಗೆ! ಅನ್ನಪೂರ್ಣಳಿಗೆ ಅಳುವೇ ಬಂತು. ಮೊದಲೇ ಅವಳ ಚೀಲ ಕಾಣುತ್ತಿರಲಿಲ್ಲ. ನೀರು ಕುಡಿದು ಬರುವಷ್ಟರಲ್ಲಿ ಮಾಯ! ಅದರಲ್ಲಿದ್ದ ಮಂಡಕ್ಕಿ ಹೋದರೆ ಹೋಗಲಿ, ಪ್ರಾಜೆಕ್ಟ್ ಪುಸ್ತಕವೂ ಅದರೊಳಗೇ ಇತ್ತು. 'ಪ್ರಾಣಿಗಳ ಕೂಗು, ಮನುಷ್ಯರ ಮಾತು' ಎಂದು ವಾರವಿಡೀ ಕೂತು ಬರೆದಿದ್ದಳು. ನಾಳೆ ಬೆಳಿಗ್ಗೆ ಟೀಚರ್‌ಗೆ ಕೊಡಲೇಬೇಕು.

"ಕೋತಿ!"

"ಅಯ್ಯೋ ಪಂಪ್ಯಾ! ಎಲ್ಲೈತೋ ಕೋತಿ? ತೋರ್ಸು ನೋಡನ!"

ಪಂಪೇಶ ಖಾಲಿ ಬಂಡೆಯತ್ತ ಬೆರಳು ಮಾಡಿದ.

"ಅಲ್ಲಿ ಏನೂ ಇಲ್ಲಲ್ಲೋ! ತಲಿ ತಿನ್ನಬ್ಯಾಡ ಲೇ!"

ಈಗ ಅವನಿಗೂ ಸಿಟ್ಟು ಬಂತು. ಕಾಲು ನೆಲಕ್ಕೆ ಬಡಿದ. ತನ್ನ ಹೆಗಲನ್ನು ಪಟಪಟ ತಟ್ಟಿಕೊಂಡ.

"ಕೋತಿ... ಚೀಲ!"

ಇಲ್ಲಿಯವರೆಗೆ ಅವನು ಎರಡು ಮಾತು ಜೋಡಿಸಿದ್ದೇ ಇರಲಿಲ್ಲ. ಅನ್ನಪೂರ್ಣ ಬಂಡೆಯ ಹಿಂದಕ್ಕೆ ಓಡಿದಳು.

ಚೀಲ ಅಲ್ಲಿತ್ತು. ಮಂಡಕ್ಕಿ ಒಂದು ಕಾಳೂ ಉಳಿದಿರಲಿಲ್ಲ. ಪುಸ್ತಕದ ಕೊನೆಯ ಎರಡು ಹಾಳೆ ಹರಿದಿದ್ದವು, ಉಳಿದದ್ದು ಸರಿಯಾಗಿತ್ತು. ಸದ್ಯ! ಎದೆಗೆ ಅವಚಿಕೊಂಡು ವಾಪಸು ಬಂದಳು. ಮೂರು ಸಲ ಹೇಳಿದ್ದ. ಮೂರು ಸಲವೂ ಎಲ್ಲರೂ ಡಬ್ಬ ಬಡಿದಿದ್ದರು, ತಾನೂ ಬಡಿದಿದ್ದಳು. ಅವಳಿಗೆ ನಾಚಿಕೆಯಾಯಿತು.

"ಮತ್ತೇನಂತ ಅವಂದು?" ಅಜ್ಜಿ ದೂರದಿಂದಲೇ ಗದರಿದಳು.

"ತಡಿ ಅಜ್ಜಿ, ಬೈಬ್ಯಾಡ. ಕೋತಿ ಬಂದೈತಿ ಅಂತಲ್ಲ, ಬಂದು ಹೋತು ಅಂತ ಹೇಳಾಕತ್ಯಾನ."

ಅವಳು ತಮ್ಮನ ಎದುರು ಕುಕ್ಕುರುಗಾಲಲ್ಲಿ ಕೂತಳು.

"ಆಮ್ಯಾಲ ಏನಾತೋ, ಪಂಪ್ಯಾ?"