ಬಿಗೋನಿಯಾ ಟೆಂಟಿನ ತೇವ

"ಇದನ್ನ ಗಿಡ ಬೆಳೆಸೋದು ಅನ್ನಲ್ಲ ಮೇಡಂ. ಬೇಯಿಸೋದು ಅಂತಾರೆ."

ಟೆಂಟಿನ ಜಿಪ್ ಎಳೆದು ಒಳಗೆ ಮೂಗು ತೂರಿಸಿದ ಫ್ಯಾನ್ ರಿಪೇರಿಯವನ ಮೊದಲ ಮಾತೇ ಅದು. ಅವಳ ಕಿವಿ ಕೆಂಪಗಾಯಿತು.

ಚಿಕ್ಕಮ್ಮನ ಮನೆಯ ಮಹಡಿ ಕೋಣೆಯಲ್ಲಿ, ದೀಪದ ಬೆಳಕಲ್ಲೇ ಗಿಡ ಬೆಳೆಸಲು ಹಾಕಿದ್ದ, ಬೀರುವಿನಷ್ಟು ಅಗಲದ ಆ ಟೆಂಟಿನಲ್ಲಿ ಬಿಗೋನಿಯಾ ಹೂಗಿಡದ ಹನ್ನೆರಡು ಸಸಿಗಳಿದ್ದವು. ಇನ್ನು ಹತ್ತು ದಿನಕ್ಕೆ, ಸೋಮವಾರ, ನರ್ಸರಿಯ ಮೇಡಂ ಬಂದು ನೋಡುತ್ತಾರೆ. ಮೆಚ್ಚಿದರೆ ಅವಳಿಗೆ ಅಲ್ಲಿ ಕೆಲಸ. ಇಲ್ಲದಿದ್ದರೆ ಟೆಂಟ್ ಅಟ್ಟಕ್ಕೆ, ಅವಳು ಚಿಕ್ಕಪ್ಪನ ಆಫೀಸಿನ ಫೈಲುಗಳಿಗೆ.

"ಓದಿದ್ದು ಸಸ್ಯಶಾಸ್ತ್ರ, ಬಾಯಿ ಬಿಡೋದೂ ಸಸ್ಯದ ಮುಂದೆ ಮಾತ್ರ" ಎಂದು ಚಿಕ್ಕಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು. ಇವನಿಗೂ ಹೇಳಿಯಾಗಿತ್ತು.

"ಫ್ಯಾನ್ ಹಾಕಿ ಹೋಗಿ. ಪಾಠ ಬೇಡ" ಎಂದಳು, ಗೋಡೆ ನೋಡುತ್ತಾ.

"ಮಂಜು ಬಿಡೋ ಮಷೀನ್ ಒಂದು ಕಡೆ, ಗಾಳಿ ಎಳೆಯೋ ಫ್ಯಾನ್ ಇನ್ನೊಂದು ಕಡೆ. ಎರಡನ್ನೂ ಜಗಳಕ್ಕೆ ಬಿಟ್ಟು ನೀವು ಮೀಟರ್ ನೋಡ್ತಾ ಕೂರ್ತೀರಾ?"

"ತೇವಾಂಶ ಐವತ್ತಿದೆ. ಅರವತ್ತು ಬೇಕು. ಸ್ಕ್ರೂ ತಿರುಗಿಸೋರಿಗೆ ಇದೆಲ್ಲ ಯಾಕೆ?"

ಅಂದ ಮೇಲೆ ಅವಳಿಗೇ ಗಾಬರಿ... ಇಷ್ಟು ಕಟುವಾಗಿ ಯಾರಿಗೂ ಅಂದವಳಲ್ಲ. ಅವನು ತುಟಿ ಕೊಂಕಿಸಿದ. ಟೆಂಟಿನ ಮೇಲ್ಭಾಗವನ್ನೊಮ್ಮೆ ದಿಟ್ಟಿಸಿ, ಫ್ಯಾನ್ ಜೋಡಿಸಿ ಹೋದ.

ನಾಲ್ಕನೇ ದಿನ ಬೆಳಗ್ಗೆ ಐದು ಸಸಿಗಳ ಮೇಲೆ ಬೂದು ಬಣ್ಣದ ಬೂಷ್ಟು.

ನೇರ ಅವನ ಅಂಗಡಿಗೆ ಹೋದಳು. ಮೂವರು ಗಿರಾಕಿಗಳ ಎದುರೇ ಶುರು ಮಾಡಿದಳು.

"ನಿಮ್ಮ ಫ್ಯಾನ್ ಗಾಳಿ ಎಳೆಯಲ್ಲ, ಬರೀ ಗೊರಕೆ ಹೊಡೆಯುತ್ತೆ. ಬಡಾಯಿ ಮಾತ್ರ ಬೆಟ್ಟದಷ್ಟು."

ಅವನು ಗಿರಾಕಿಗಳನ್ನು ಕಳಿಸಿ, ಶಟರ್ ಎಳೆದು ಜೊತೆಗೆ ಬಂದ. ಫ್ಯಾನನ್ನು ಮುಟ್ಟಲೂ ಇಲ್ಲ. ದೀಪದ ಪಕ್ಕದಲ್ಲಿ, ಅವಳು ತನ್ನ ಕಣ್ಣಿಗೆ ನೇರವಾಗಿರಲಿ ಎಂದು ನೇತುಹಾಕಿದ್ದ ಮೀಟರನ್ನು ಬಿಚ್ಚಿ ಎಲೆಗಳ ನಡುವೆ ಇಟ್ಟ.

ಐವತ್ತು... ಎಪ್ಪತ್ತು... ಎಂಬತ್ತೆಂಟು.

"ಮೇಲೆ ದೀಪದ ಬಿಸಿಗೆ ಒಣಗಿರುತ್ತೆ. ಅದನ್ನ ನೋಡಿ ನೀವು ಕೆಳಗೆ ಮಂಜು ಸುರೀತಾ ಹೋದ್ರಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಆಮೇಲೆ ಇನ್ನೊಂದು ಹೊಳೆಯಿತು.

"ಮೊದಲ ದಿನಾನೇ ಗೊತ್ತಾಗಿತ್ತಾ?"

ಅವನು ಸಸಿಗಳನ್ನು ನೋಡಿದ, ಅವಳನ್ನಲ್ಲ. "ಗೊತ್ತಾಗಿತ್ತು. ನೀವಂದ ಮಾತಿಗೆ ಕೋಪ ಬಂತು. ಅನುಭವಿಸಲಿ ಅಂತ ಬಿಟ್ಟುಬಿಟ್ಟೆ."

"ಐದು ಸಸಿ ಹೋಯ್ತು."

"ಹೂಂ. ನನ್ನ ಸಣ್ಣತನ."

ಅವಳು ಬೈಯಲು ಬಾಯಿ ತೆರೆದಳು. ಸ್ಕ್ರೂ ತಿರುಗಿಸೋರು ಎಂದು ತಾನು ಹಂಗಿಸಿದ್ದೂ ಅಂಥದೇ ಸಣ್ಣತನ ಎಂದು ನೆನಪಾಗಿ ಮುಚ್ಚಿದಳು.

ಅಂದಿನಿಂದ ದಿನಾ ಬಂದ. ಬೂಷ್ಟು ಹಿಡಿದ ಕುಂಡಗಳನ್ನು ಹೊರಗಿಟ್ಟರು. ಉಳಿದವುಗಳ ನಡುವೆ ಅಂತರ ಬಿಟ್ಟರು. ರಾತ್ರಿ ಎಲೆಗಳ ಮೇಲೆ ತೇವ ಕೂರದಿರಲಿ ಎಂದು, ದೀಪ ಆರಿಸುವುದಕ್ಕೆ ಒಂದು ಗಂಟೆ ಮೊದಲೇ ಮಂಜು ನಿಲ್ಲುವಂತೆ ಅವನು ಟೈಮರ್ ಹಾಕಿದ.

"ಎಲೆ ಒರೆಸೋದು ಹೀಗಾ? ಬಸ್ ತೊಳೀತಿದೀರಾ?" ಎಂದಳು ಅವಳು.

"ಆಹಾ, ಪ್ರೊಫೆಸರ್ ಬಾಯಿ ಬಿಟ್ರು."

ಸೋಮವಾರ ನರ್ಸರಿಯ ಮೇಡಂ ಏಳು ಸಸಿಗಳನ್ನೂ ತಿರುಗಿಸಿ ನೋಡಿದರು. "ಹನ್ನೆರಡು ಅಂದಿದ್ದೆ ಅಲ್ವಾ?"

ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು.

"ಮೀಟರನ್ನ ತಪ್ಪು ಜಾಗದಲ್ಲಿ ಹಾಕಿದ್ದೆ. ಬೂಷ್ಟು ಬಂತು. ನನ್ನ ತಪ್ಪು."

"ಅರ್ಧ ನಂದು" ಎಂದನು ಅವನು, ಹಿಂದಿನಿಂದ.

ಮೇಡಂ ಇಬ್ಬರನ್ನೂ ನೋಡಿದರು. "ಯಾಕೆ ಸತ್ತವು ಅಂತ ಹೇಳೋರೇ ನಂಗೆ ಸಿಗಲ್ಲ. ಒಂದನೇ ತಾರೀಕಿಂದ ಬಾಮ್ಮ."

ಅವರು ಹೋದ ಮೇಲೆ ಅವನು ಚೀಲ ಹೆಗಲಿಗೇರಿಸಿದ.

"ಇನ್ನು ನನ್ನ ಅಗತ್ಯ ಇಲ್ಲ."

"ಇಲ್ಲ" ಎಂದಳು. ಅವನು ಮೆಟ್ಟಿಲಿಳಿಯತೊಡಗಿದಾಗ ಬಾಗಿಲವರೆಗೆ ಬಂದಳು. "ನಾಳೆ ಬನ್ನಿ."

"ಏನು ಕೆಟ್ಟಿದೆ?"

"ಏನೂ ಕೆಟ್ಟಿಲ್ಲ. ನೀವು ಬರದ ದಿನ ನಂಗೆ ಇಷ್ಟ ಆಗಲ್ಲ."

ಅವನು ಇಳಿದಿದ್ದ ಎರಡು ಮೆಟ್ಟಿಲನ್ನು ಮತ್ತೆ ಹತ್ತಿದ.

"ನಂಗೂ" ಎಂದ, ಮೆಲ್ಲಗೆ. "ನಾಳೆವರೆಗೆ ಯಾಕೆ ಕಾಯೋದು?"