ಗಿಡ್ಡಮ್ಮನ ಪಕ್ಕದ ಸೀಟು

"ಅವ್ವನ ಮಾತು ಇಲ್ಲ ಕಣೇ!"

ಕಾವ್ಯಶ್ರೀ ಫೋನನ್ನು ನನ್ನ ಮುಖಕ್ಕೆ ಹಿಡಿದಳು. ಚನ್ನಗಿರಿಯವರ ರೆಕಾರ್ಡಿಂಗ್ ಇತ್ತು. ಹೊನ್ನಾಳಿಯವರದಿತ್ತು, ಜಗಳೂರಿನವರದಿತ್ತು. ಅಂದು ಮಧ್ಯಾಹ್ನ ನ್ಯಾಮತಿಯ ಇದೇ ಮನೆಯಲ್ಲಿ ಅವಳ ತಾಯಿ ಗಿಡ್ಡಮ್ಮ ಆಡಿದ ಮಾತು ಮಾತ್ರ ಇರಲಿಲ್ಲ. ಯಾರೋ ಅಳಿಸಿದ್ದರು.

ನಾನು ಜ್ಯೋತಿಲಕ್ಷ್ಮಿ, ಕಾವ್ಯಳ ಸಹಪಾಠಿ. ನಮ್ಮ ಡಿಸೈನ್ ಕಾಲೇಜು ಕೊಟ್ಟ ಕೆಲಸ— ಕಾಲದಲ್ಲಿ ಹಿಂದಕ್ಕೆ ಹೋಗುವವರಿಗೆ ಟಿಕೆಟ್ ಮಾರುವ ಒಂದು ಕಾಲ್ಪನಿಕ ವೆಬ್‌ಸೈಟ್. ಇಲ್ಲದ ಬಸ್ಸಿಗೆ ಟಿಕೆಟ್! ಓದಿದವರ ತಲೆ ಹೀಗೆಲ್ಲ ಓಡುತ್ತದೆ. ಮೊದಲು ಬಳಕೆದಾರರನ್ನು ಮಾತಾಡಿಸಬೇಕಿತ್ತು: ಯಾವ ದಿನಕ್ಕೆ ಹೋಗುತ್ತೀರಿ? ಯಾಕೆ? ರಟ್ಟಿನ ಮೇಲೆ ಬಸ್ಸಿನ ಸೀಟುಗಳನ್ನು ಬರೆದು "ಇಲ್ಲಿ ಒತ್ತಿ" ಎಂದರೆ ನಮ್ಮ ಜನ ಒತ್ತಲಿಲ್ಲ. ಹೊನ್ನಾಳಿಯ ಒಬ್ಬರು ಸೀಟಿನ ಮೇಲೆ ಕರ್ಚೀಫ್ ಇಟ್ಟರು. ಜಗಳೂರಿನ ಒಬ್ಬಾಕೆ ಬೀಗದ ಕೈ ಇಟ್ಟರು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರಿಗೆ ಗುಂಡಿ ಯಾಕೆ? ನಾವು ಅದನ್ನೇ ಕ್ರಮ ಮಾಡಿಕೊಂಡೆವು. ಕಾವ್ಯಳ ಅಪ್ಪ ಅಂಜಿನಪ್ಪನವರೂ ಹಿಂದಿನ ದಿನ ಹಾಗೇ ಆಡಿ ನಕ್ಕಿದ್ದರು.

ಗಿಡ್ಡಮ್ಮ ಮಾತ್ರ ನಗಲಿಲ್ಲ. "ನೀವು ಎದುರಿಗಿದ್ರೆ ಹೇಳಾಕಾಗಲ್ಲ. ಫೋನ್ ಹಚ್ಚಿಟ್ಟು ಹೊರಗೆ ಹೋಗ್ರಿ. ನಾನು ಹೇಳಿದ್ದು ಯಾರಿಗೂ ತಿಳೀಬಾರ್ದು" ಎಂದಿದ್ದರು. ರಟ್ಟನ್ನೂ ಫೋನನ್ನೂ ಕೋಣೆಯಲ್ಲಿ ಅವರ ಮುಂದಿಟ್ಟು ನಾವು ಹೊರಗೆ ನಿಂತೆವು. ಆಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೋಣೆಯಿಂದ ಹೊರಬಂದಾಗ ಅವರ ಕಣ್ಣು ಕೆಂಪಾಗಿತ್ತು. "ಆಮೇಲೆ ನೀನೊಬ್ಬಳೇ ಕೇಳು" ಎಂದು ಮಗಳಿಗೆ ಹೇಳಿ ಹಿಟ್ಟಿನ ಗಿರಣಿಗೆ ಹೋದರು. ಫೋನ್ ಸಾಯುವಂತಿತ್ತು. ಅದನ್ನು ಅದೇ ಕೋಣೆಯಲ್ಲಿ ಚಾರ್ಜಿಗೆ ಹಾಕಿ ನಾವು ಅಂಗಡಿಗೆ ಹೋಗಿ ಬಂದೆವು.

"ಇನ್ನೊಂದ್ಸಲ ಹೇಳವ್ವ," ಗಿರಣಿಯಿಂದ ಬಂದ ತಾಯಿಯನ್ನು ಕಾವ್ಯ ಬೇಡಿಕೊಂಡಳು.

"ಒಂದ್ಸಲಕ್ಕೇ ಇಷ್ಟು ವರ್ಷ ಬೇಕಾತು. ಮತ್ತೆ ಆಗಲ್ಲ."

ಕಾವ್ಯ ನನ್ನ ಹೆಗಲ ಮೇಲೆ ಅತ್ತಳು. "ಅವ್ವ ನನ್ನತ್ರ ಯಾವತ್ತೂ ಮನಸ್ಸು ಬಿಚ್ಚಿಲ್ಲ ಜ್ಯೋತಿ. ಇದೊಂದೇ ಸಲ." ನನಗೆ ಮೈಯೆಲ್ಲ ಉರಿಯಿತು. ಪಕ್ಕದ ಮನೆಯ ಚೌಡೇಶ್ವರಿ ಮೇಡಂ ಅವರಿಗೆ ಸೀಟಿನ ಆಟದಿಂದ ಹಿಡಿದು ಎಲ್ಲವನ್ನೂ ಹೇಳಿ ಕರೆತಂದೆ. ನಿವೃತ್ತ ಸಬ್‌ಇನ್‌ಸ್ಪೆಕ್ಟರ್.

"ನೀವಿಲ್ಲದಾಗ ಯಾರ್ಯಾರು ಬಂದಿದ್ರು?" ಮೇಡಂ ಕೇಳಿದರು.

ಮೂವರು. ಬಸವಾಪಟ್ಟಣದ ವಿನೋದ್, ನಮ್ಮದೇ ತಂಡದವನು. ಸೊಕ್ಕೆಯಿಂದ ಬಂದ ಪರಮೇಶ್, ಗಿಡ್ಡಮ್ಮನ ಅಣ್ಣ, ತಂಗಿಯ ಮದುವೆ ಕುದುರಿಸಿದಾತ. ಮತ್ತು ಅಂಜಿನಪ್ಪ.

"ವಿನೋದ್, ಕೋಣೆಗೆ ಯಾಕೆ ಹೋದೆ?"

"ರಟ್ಟಿನ ಫೋಟೊ ತೆಗೆಯಾಕೆ ಮೇಡಂ. ಫೋನ್ ಮುಟ್ಟಿಲ್ಲ!"

"ಪರಮೇಶಪ್ಪ?"

"ಮಲಗಾಕೆ ಹೋದೆ ಕಣಮ್ಮ. ಈ ಹುಡುಗಿಯರ ಆಟ ನಂಗೇನು ಗೊತ್ತು?"

"ಅಂಜಿನಪ್ಪೋರೆ?"

"ಟ್ರ್ಯಾಕ್ಟರ್ ರಿಪೇರಿಗೆ ಹೋಗಿದ್ದೆ. ಬಂದು ಮುಖ ತೊಳ್ದೆ, ಅಷ್ಟೆ."

ಮೇಡಂ ನಮ್ಮ ಕಡೆ ತಿರುಗಿದರು. "ನೀವು ವಾಪಸ್ ಬಂದಾಗ ಕೋಣೆ ಹೆಂಗಿತ್ತು?"

"ಹಂಗೇ ಇತ್ತು," ಎಂದಳು ಕಾವ್ಯ. "ರಟ್ಟಿನ ಮೇಲೆ ಮನೆ ಟವೆಲ್ ಬಿದ್ದಿತ್ತು. ಎತ್ತಿ ಗೂಟಕ್ಕೆ ಹಾಕಿದೆ."

"ಬಿದ್ದಿತ್ತಾ? ಇಟ್ಟಿದ್ರಾ?"

ಕಾವ್ಯ ತಡವರಿಸಿದಳು. "ಮಡಚಿತ್ತು... ಒಂದೇ ಸೀಟಿನ ಮೇಲೆ. ಕಿಟಕಿ ಸೀಟಿನ ಪಕ್ಕದ್ದು."

ಮೇಡಂ ಎಲ್ಲರನ್ನೂ ಕೋಣೆಗೆ ಕರೆದರು. ರಟ್ಟಿನ ಮೇಲೆ, ಕಿಟಕಿ ಪಕ್ಕದ ಸೀಟಿನಲ್ಲಿ ಒಂದು ಸೀರೆ ಪಿನ್ನು ಇತ್ತು.

"ಪರಮೇಶಪ್ಪ, ಇದನ್ನ ಸ್ವಲ್ಪ ತೆಗೀರಿ."

"ಯಾರ್ದೋ ಪಿನ್ನು ಬಿದ್ದೈತೆ," ಎಂದು ಆತ ಕೈ ಚಾಚಿದ.

"ಎತ್ತಬ್ಯಾಡೋ! ಅವಳ ಸೀಟದು!"

ಕೂಗಿದವರು ಅಂಜಿನಪ್ಪ.

ಮೇಡಂ ನಿಧಾನವಾಗಿ ಕೇಳಿದರು, "ಗಿಡ್ಡಮ್ಮ ಈ ಆಟ ಆಡಿದ್ದು ನಿಮಗೆ ಯಾರು ಹೇಳಿದ್ರು?"

ಅಂಜಿನಪ್ಪ ಗೂಟದ ಮೇಲಿನ ಟವೆಲ್ ಕಡೆ ನೋಡಿದರು. ಮೇಡಂ ಮುಂದುವರಿಸಿದರು.

"ಟವೆಲನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಮನೇಲಿ ಟವೆಲ್ ಎಲ್ಲೆಂದರಲ್ಲಿ ಬಿದ್ದಿರ್ತೈತೆ. ಆದ್ರೆ ಮಡಚಿ ಸೀಟಿನ ಮೇಲೆ ಇಟ್ರೆ ಏನರ್ಥ? ಈ ಜಾಗ ನಂದು ಅಂತ. ಪರಮೇಶಪ್ಪನಿಗೆ ಆಟವೇ ಗೊತ್ತಿಲ್ಲ, ಪಿನ್ನಿಗೇ ಕೈ ಹಾಕಿದ್ರು. ವಿನೋದನಿಗೆ ಆಟ ಗೊತ್ತು, ಆದ್ರೆ ಗಿಡ್ಡಮ್ಮನ ಪಕ್ಕ ಸೀಟು ಹಿಡಿಯೋ ದರ್ದು ಅವನಿಗೇನು? ರೆಕಾರ್ಡಿಂಗ್ ಕೇಳಿದೋರೇ ಟವೆಲ್ ಹಾಕಿದ್ದು. ಕೇಳಿದೋರೇ ಅಳಿಸಿದ್ದು."

ಅಂಜಿನಪ್ಪ ಗೋಡೆಗೆ ಒರಗಿದರು.

"ಮದುವೆ ಹಿಂದಿನ ದಿನಕ್ಕೆ ಹೋಗ್ತೀನಿ ಅಂದ್ಲು. ವಾಪಸ್ ಬರೋ ಟಿಕೆಟ್ ಬ್ಯಾಡ ಅಂದ್ಲು." ಅವರ ದನಿ ಒಡೆಯಿತು. "ನಾಳೆ ಕಾಲೇಜಲ್ಲಿ ಎಲ್ರೂ ಕೇಳ್ತಿದ್ರು. ಅದಕ್ಕೆ ಅಳಿಸಿದೆ. ಒಬ್ಬಳನ್ನೇ ಹೆಂಗೆ ಕಳಿಸಲಿ? ಪಕ್ಕದಲ್ಲಿ ಟವೆಲ್ ಹಾಕಿದೆ."

ಬಾಗಿಲಲ್ಲಿ ಗಿಡ್ಡಮ್ಮ ನಿಂತಿದ್ದರು. ಯಾವಾಗ ಬಂದರೋ ಗೊತ್ತಿಲ್ಲ.

"ಅಲ್ಲಿಗೂ ಬರ್ತೀರೇನ್ರಿ?"

ಅಷ್ಟೇ ಕೇಳಿದರು. ಅಂಜಿನಪ್ಪನವರ ಮೇಲೆ ನನಗೆ ಕನಿಕರ ಬರಬೇಕಿತ್ತೇನೋ. ಬರಲಿಲ್ಲ. ಇಲ್ಲದ ಬಸ್ಸಿನಲ್ಲೂ ಆ ಹೆಂಗಸಿಗೆ ಒಂದು ಸೀಟನ್ನು ಬಿಡಲಿಲ್ಲವಲ್ಲ ಈ ಮನುಷ್ಯ!

ಕಾವ್ಯಳ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಮದುವೆ ಹಿಂದಿನ ದಿನ. ವಾಪಸ್ ಟಿಕೆಟ್ ಬೇಡ. ಹಾಗಾದರೆ ಕಾವ್ಯ?

"ಅಪ್ಪಾ, ಆಮೇಲೆ... ನನ್ನ ಬಗ್ಗೆ ಏನಾದ್ರೂ ಅಂದ್ಲಾ ಅವ್ವ?"

ಅಂಜಿನಪ್ಪ ಮುಖ ಎತ್ತಲಿಲ್ಲ.

"ನಿನ್ನ ಹೆಸರು ತಗೊಂಡ್ಲು. ಮುಂದೆ ಕೇಳಲಿಲ್ಲ ಮಗಳೇ. ಅಲ್ಲೇ ಅಳಿಸಿಬಿಟ್ಟೆ."

ಕಾವ್ಯ ತಾಯಿಯ ಮುಖ ನೋಡುತ್ತ ನಿಂತಳು.